ಅಂಗಳದಲ್ಲಿ ಚೋಮ, ಜಗಲಿಯಲ್ಲಿ ಪ್ರೇಕ್ಷಕ

ನಂಜನಗೂಡು ತಾಲ್ಲೂಕಿನ ಬದನವಾಳು ಮೈಸೂರು-ಚಾಮರಾಜನಗರ ರೈಲು ಮಾರ್ಗದಲ್ಲಿ ಸಿಗುವ ಊರು. ಕರ್ನಾಟಕದ ಇತಿಹಾಸದಲ್ಲಿ ಈ ಊರಿನ ಹೆಸರು ಎರಡು ಕಾರಣಗಳಿಗೆ ದಾಖಲಾಗಿದೆ. ಮೊದಲನೆಯದು ಖಾದಿ. 1920ರ ದಶಕದಲ್ಲಿ ಇಲ್ಲಿ ನೂಲುವ, ನೇಯುವ ಕೇಂದ್ರ ನೆಲೆಗೊಂಡಿತು. ತಗಡೂರು ರಾಮಚಂದ್ರರಾಯರಂಥ ಗಾಂಧಿವಾದಿಗಳು ಈ ಸೀಮೆಯಲ್ಲಿ ಚರಕ ಮತ್ತು ಅಸ್ಪೃಶ್ಯತಾ ನಿವಾರಣೆಯ ಕೆಲಸವನ್ನು ಒಟ್ಟೊಟ್ಟಿಗೆ ನಡೆಸಿದರು. 1927ರಲ್ಲಿ ಸ್ವತಃ ಗಾಂಧೀಜಿ ಇಲ್ಲಿಗೆ ಬಂದು ಹೋದರು. ಎರಡನೆಯ ಕಾರಣ 1993ರ ಮಾರ್ಚ್ 25. ಊರಿನ ಸಿದ್ಧೇಶ್ವರ ದೇವಾಲಯಕ್ಕೆ ದಲಿತರ ಪ್ರವೇಶದ ಪ್ರಶ್ನೆಯಿಂದ ಎದ್ದ ವೈಷಮ್ಯದಲ್ಲಿ ಅಂದು ಮೂವರು ದಲಿತರ ಕೊಲೆಯಾಯಿತು.

ಒಂದೇ ಊರಿನ ಈ ಎರಡು ಘಟನೆಗಳ ನಡುವೆ ಅರವತ್ತಾರು ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಅಸ್ಪೃಶ್ಯತೆಯನ್ನು ಖಂಡಿಸುವ ಮಾತಿಗೆ ಕನ್ನಡ ನಾಡಿನಲ್ಲಿ ಕೊರತೆಯಿರಲಿಲ್ಲ. ಸಂವಿಧಾನ ಬಂತು, ಕಾನೂನುಗಳು ಬಂದವು. ಸಾಹಿತ್ಯದಲ್ಲಿಯೂ ಸಿನಿಮಾದಲ್ಲಿಯೂ ಮನಕಲಕುವ ಕೃತಿಗಳು ಬಂದವು. ಅವುಗಳಲ್ಲಿ ಅತ್ಯಂತ ಹೆಸರಾದದ್ದು ‘ಚೋಮನ ದುಡಿ’. ಕಾದಂಬರಿಯಾಗಿ ಅದು ಪ್ರಕಟವಾದದ್ದು 1933ರಲ್ಲಿ, ಚಲನಚಿತ್ರವಾದದ್ದು 1975ರಲ್ಲಿ. ಚೋಮನಿಗಾಗಿ ಮರುಗಿದ ನಾಡಿನಲ್ಲಿಯೇ, ಚಿತ್ರ ಬಂದ ಹದಿನೆಂಟು ವರ್ಷಗಳ ಬಳಿಕ, ಬದನವಾಳಿನ ದುರಂತ ನಡೆಯಿತು. ಒಂದು ಸಿನಿಮಾ ಸಮಾಜಕ್ಕೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ಹಳೆಯ ಪ್ರಶ್ನೆಯನ್ನು ಈ ಚಿತ್ರದ ಮೂಲಕ ಕೇಳಿಕೊಳ್ಳಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕಾದಂಬರಿಯಿಂದ ತೆರೆಗೆ

ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದಾಗ ಅವರಿಗೆ ಮೂವತ್ತರ ಆಸುಪಾಸು. ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ ಕಾಲೇಜು ಬಿಟ್ಟು ಬಂದಿದ್ದ ಅವರು ದಕ್ಷಿಣ ಕನ್ನಡದ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಕಂಡಿದ್ದರು. ಕಾದಂಬರಿಯ ವಸ್ತು ಸರಳ. ಚೋಮ ಜೀತದಾಳು. ಅವನಿಗೆ ನಾಲ್ವರು ಗಂಡುಮಕ್ಕಳು, ಬೆಳ್ಳಿ ಎಂಬ ಒಬ್ಬ ಮಗಳು. ಕಾಡಿನಲ್ಲಿ ಅಲೆಯುತ್ತಿದ್ದು ಅವನ ಪಾಲಿಗೆ ಬಂದ ಒಂದು ಜೋಡಿ ಎತ್ತುಗಳಿವೆ. ತನ್ನದೇ ಎಂಬ ತುಂಡು ನೆಲವನ್ನು ಉಳಬೇಕು ಎನ್ನುವುದೊಂದೇ ಅವನ ಆಸೆ. ಆದರೆ ಅವನು ಹುಟ್ಟಿದ ಜಾತಿಯವರು ಆಳಾಗಿ ದುಡಿಯಬಹುದೇ ಹೊರತು ಬೇಸಾಯಗಾರರಾಗುವಂತಿಲ್ಲ. ಒಡೆಯ ಸಂಕಪ್ಪಯ್ಯನಿಗೆ ಚೋಮನ ಮೇಲೆ ಕರುಣೆ ಇಲ್ಲದಿಲ್ಲ. ಆದರೂ ಊರಿನ ಕಟ್ಟಳೆಯನ್ನು ಮೀರಲು ಅವನು ಸಿದ್ಧನಿಲ್ಲ.

ಹಳೆಯ ಸಾಲ ತೀರಿಸಲು ಹಿರಿಯ ಮಕ್ಕಳಿಬ್ಬರು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ರೋಗಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಮತ ಬದಲಿಸುತ್ತಾನೆ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯಾದೀತೆಂದು ಯಾರೂ ಎತ್ತುವುದಿಲ್ಲ. ತೋಟಕ್ಕೆ ಹೋದ ಬೆಳ್ಳಿ ತನ್ನ ಮೈಯನ್ನೇ ತೆತ್ತು ತಂದೆಯ ಸಾಲವನ್ನು ತೀರಿಸಿ ಬರುತ್ತಾಳೆ. ಮತಾಂತರವಾದರೆ ಭೂಮಿ ಸಿಗುವುದೆಂಬ ಆಸೆಯಿಂದ ಹೊರಟ ಚೋಮ ತನ್ನ ದೈವವನ್ನು ಬಿಡಲಾರದೆ ಅರ್ಧ ದಾರಿಯಲ್ಲಿ ಹಿಂತಿರುಗುತ್ತಾನೆ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲ ಬಾಗಿಲು ಹಾಕಿಕೊಂಡು, ಪ್ರಾಣ ಹೋಗುವ ತನಕ ದುಡಿ ಬಾರಿಸುತ್ತಾನೆ.

ಈ ಕಥೆಯನ್ನು ಚಿತ್ರವಾಗಿಸಿದ ಬಿ.ವಿ. ಕಾರಂತರು ಬಂಟ್ವಾಳ ಸಮೀಪದ ಮಂಚಿಯವರು. ಬಾಲ್ಯದಲ್ಲಿಯೇ ಗುಬ್ಬಿ ಕಂಪನಿ ಸೇರಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದವರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಮೊದಲ ನಿರ್ದೇಶಕರೂ ಅವರೇ. ಗಿರೀಶ್ ಕಾರ್ನಾಡರ ಜೊತೆಗೂಡಿ ‘ವಂಶವೃಕ್ಷ’ ನಿರ್ದೇಶಿಸಿದ್ದ ಅವರು ‘ಚೋಮನ ದುಡಿ’ಯನ್ನು ಒಬ್ಬರೇ ನಿರ್ದೇಶಿಸಿದರು. ಸಂಗೀತವೂ ಅವರದೇ. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ವೃತ್ತಿರಂಗಭೂಮಿಯಿಂದ ಬಂದ ನಟ. ಬೆಳ್ಳಿಯ ಪಾತ್ರ ಪದ್ಮಾ ಕುಮಟಾ ಅವರದು.

1975ರ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಈ ಚಿತ್ರ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ಸ್ವರ್ಣ ಕಮಲ ಪಡೆಯಿತು. ‘ಸಂಸ್ಕಾರ’ದ ನಂತರ ಈ ಗೌರವ ಪಡೆದ ಎರಡನೆಯ ಕನ್ನಡ ಚಿತ್ರವಿದು. ವಾಸುದೇವರಾವ್ ಅತ್ಯುತ್ತಮ ನಟರಾದರು, ಶಿವರಾಮ ಕಾರಂತರಿಗೆ ಕಥೆಗಾಗಿ ಪ್ರಶಸ್ತಿ ಬಂತು.

ಕ್ಯಾಮೆರಾ ಎಲ್ಲಿ ನಿಂತಿದೆ?

ಸಿನಿಮಾವನ್ನು ಕೇವಲ ಕಥೆಯಾಗಿ ನೋಡದೆ, ಅದು ಕಥೆಯನ್ನು ಹೇಗೆ ತೋರಿಸುತ್ತದೆ ಎಂದು ವಿಚಾರಿಸುವ ಶಾಸ್ತ್ರಕ್ಕೆ ಸಿನಿಮಾ ಸಿದ್ಧಾಂತ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಅದು ಕೇಳುವ ಪ್ರಶ್ನೆಗಳು ಸರಳವಾದವು. ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ? ಯಾರು ನೋಡುತ್ತಾರೆ, ಯಾರು ನೋಡಿಸಿಕೊಳ್ಳುತ್ತಾರೆ? ಚೌಕಟ್ಟಿನ ಒಳಗೆ ಯಾರಿದ್ದಾರೆ, ಹೊರಗೆ ಯಾರು ಉಳಿದರು?

ಈ ಶಾಸ್ತ್ರದಲ್ಲಿ ಎರಡು ಮುಖ್ಯ ಧಾರೆಗಳಿವೆ. ರಷ್ಯಾದ ಐಸೆನ್‌ಸ್ಟೈನ್ ಪ್ರಕಾರ ಸಿನಿಮಾದ ಶಕ್ತಿ ಇರುವುದು ಸಂಕಲನದಲ್ಲಿ. ಎರಡು ಶಾಟ್‌ಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿದರೆ ಎರಡರಲ್ಲಿಯೂ ಇಲ್ಲದ ಮೂರನೆಯ ಅರ್ಥ ಹುಟ್ಟುತ್ತದೆ. ಫ್ರಾನ್ಸಿನ ವಿಮರ್ಶಕ ಆಂದ್ರೆ ಬಾಜಾನ್ ವಾದ ಬೇರೆ. ದೃಶ್ಯವನ್ನು ತುಂಡು ತುಂಡು ಮಾಡದೆ, ಮನುಷ್ಯನನ್ನು ಅವನಿರುವ ಜಾಗದ ಸಮೇತ ತೋರಿಸಬೇಕು. ಏನನ್ನು ಗಮನಿಸಬೇಕೆಂಬುದನ್ನು ಪ್ರೇಕ್ಷಕನಿಗೇ ಬಿಡಬೇಕು ಎಂಬುದು ಅವನ ನಿಲುವು. ಎರಡನೆಯ ಮಹಾಯುದ್ಧದ ನಂತರ ಇಟಲಿಯಲ್ಲಿ ಬಂದ ‘ಬೈಸಿಕಲ್ ಥೀವ್ಸ್’ನಂಥ ಚಿತ್ರಗಳು ಅವನಿಗೆ ಮೆಚ್ಚುಗೆಯಾದದ್ದು ಈ ಕಾರಣಕ್ಕೆ. 1970ರ ದಶಕದ ಕನ್ನಡದ ಹೊಸ ಅಲೆಯ ಚಿತ್ರಗಳು ಬಹುಮಟ್ಟಿಗೆ ಈ ಎರಡನೆಯ ಧಾರೆಗೆ ಹತ್ತಿರ. ಸ್ಟುಡಿಯೋ ಬಿಟ್ಟು ಊರಿಗೆ ಹೋಗುವುದು, ನಿಜವಾದ ಮನೆ, ನಿಜವಾದ ಗದ್ದೆಗಳಲ್ಲಿ ಚಿತ್ರೀಕರಿಸುವುದು ಇವುಗಳ ದಾರಿ. ಸಹಜ ಬೆಳಕಿನ ಬಳಕೆಗೆ ಹೆಸರಾಗಿದ್ದ ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ‘ಚೋಮನ ದುಡಿ’ಗೆ ಆ ಗುಣವನ್ನು ತಂದುಕೊಟ್ಟಿತು.

ಇದರಿಂದ ಆದ ಲಾಭವೇನು? ಕಾದಂಬರಿಯಲ್ಲಿ ‘ಚೋಮ ಒಡೆಯರ ಮನೆಗೆ ಹೋದ’ ಎಂದರೆ ಓದುಗ ಮುಂದಕ್ಕೆ ಹೋಗುತ್ತಾನೆ. ತೆರೆಯ ಮೇಲೆ ಹಾಗಾಗದು. ಚೋಮ ಎಲ್ಲಿಯ ತನಕ ಬರಬಹುದು, ಎಲ್ಲಿ ನಿಲ್ಲಬೇಕು, ಒಡೆಯ ಎಲ್ಲಿ ಕುಳಿತಿರುತ್ತಾನೆ, ಇಬ್ಬರ ನಡುವೆ ಎಷ್ಟು ಮಾರು ದೂರ ಎಂಬುದೆಲ್ಲ ಕಣ್ಣಿಗೆ ಕಾಣಲೇಬೇಕು. ಅಸ್ಪೃಶ್ಯತೆ ಮೂಲತಃ ದೂರದ ವ್ಯವಸ್ಥೆ. ಜಗಲಿ, ಅಂಗಳ, ಬೇಲಿ, ಕೇರಿ, ಬಾವಿ, ಗುಡಿಯ ಹೊಸ್ತಿಲು, ಇವುಗಳಿಂದಲೇ ಅದು ಕಟ್ಟಿಕೊಂಡಿದೆ. ಚೌಕಟ್ಟಿನೊಳಗೆ ಮನುಷ್ಯರನ್ನು ನಿಲ್ಲಿಸುವ ಕಲೆಯಾದ ಸಿನಿಮಾ ಈ ದೂರವನ್ನು ಅಳೆದು ತೋರಿಸಬಲ್ಲದು. ವಾಸುದೇವರಾವ್ ಅವರ ಬಾಗಿದ ಮೈ ಒಂದೂ ಮಾತಾಡದೆ ಈ ಅಂತರವನ್ನು ಹೇಳುತ್ತದೆ. ಮುಖವನ್ನು ಹತ್ತಿರದಿಂದ ತೋರಿಸಿದಾಗ ಮನುಷ್ಯ ಬಾಯಲ್ಲಿ ಆಡದ ಮಾತು ಅಲ್ಲಿ ಓದಲು ಸಿಗುತ್ತದೆ ಎಂದು ಹಂಗೆರಿಯ ಬೆಲಾ ಬಲಾಷ್ ಮೂಕಿ ಚಿತ್ರಗಳ ಕಾಲದಲ್ಲಿಯೇ ಬರೆದಿದ್ದ. ಚೋಮನ ಮುಖ ಆ ಮಾತಿಗೆ ಒಳ್ಳೆಯ ಉದಾಹರಣೆ.

ಕಾಣದವನ ಸದ್ದು

ದೂರವಿಡಬಹುದಾದ್ದು ದೇಹವನ್ನು. ಸದ್ದನ್ನು ದೂರವಿಡಲಾಗದು. ಚೋಮ ಒಡೆಯನ ಜಗಲಿಯನ್ನು ಮುಟ್ಟುವಂತಿಲ್ಲ, ಆದರೆ ಅವನ ದುಡಿಯ ಸದ್ದು ಊರಿನ ಎಲ್ಲ ಮನೆಗಳ ಒಳಗೆ ಹೋಗುತ್ತದೆ. ಬಿ.ವಿ. ಕಾರಂತರಂಥ ಸಂಗೀತದ ಕಿವಿಯುಳ್ಳ ನಿರ್ದೇಶಕರು ಈ ಕಥೆಯನ್ನು ಆರಿಸಿಕೊಂಡದ್ದು ಆಕಸ್ಮಿಕವಿರಲಾರದು. ಇಲ್ಲಿ ದುಡಿ ಹಿನ್ನೆಲೆ ಸಂಗೀತವಲ್ಲ, ಒಂದು ಪಾತ್ರ. ಸಂತೋಷಕ್ಕೂ ಸಿಟ್ಟಿಗೂ ದುಃಖಕ್ಕೂ ಚೋಮನಿಗೆ ಇರುವ ಭಾಷೆ ಅದೊಂದೇ.

ಮೂಲ ಕಾಣದೆ ಕೇಳಿಬರುವ ಧ್ವನಿಗೆ ವಿಶೇಷ ಬಲವಿದೆ ಎಂದು ಫ್ರಾನ್ಸಿನ ಮಿಷೆಲ್ ಶಿಯೋನ್ 1980ರ ದಶಕದಲ್ಲಿ ವಿವರವಾಗಿ ವಾದಿಸಿದ. ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ದನಿ ಎಲ್ಲೆಡೆಯೂ ಇರುವಂತೆ ತೋರುತ್ತದೆ, ಕೇಳುವವನನ್ನು ಅದು ನೆಮ್ಮದಿಯಾಗಿರಲು ಬಿಡುವುದಿಲ್ಲ. ‘ಚೋಮನ ದುಡಿ’ಯ ಅಂತ್ಯವನ್ನು ಊರವರ ಕಡೆಯಿಂದ ಯೋಚಿಸಿದರೆ ಈ ಮಾತು ಅರ್ಥವಾಗುತ್ತದೆ. ಮುಚ್ಚಿದ ಬಾಗಿಲಿನ ಆಚೆಗೆ ಚೋಮ ಅವರಿಗೆ ಕಾಣುವುದಿಲ್ಲ, ದುಡಿ ಮಾತ್ರ ಕೇಳುತ್ತದೆ. ಅದು ನಿಂತಾಗ ಒಬ್ಬ ಮನುಷ್ಯ ಇಲ್ಲವಾದನೆಂದು ತಿಳಿಯುತ್ತದೆ. ಬದುಕಿದ್ದಾಗ ಅವನಿಗೆ ಬಾಗಿಲು ಮುಚ್ಚಿದವರು ಊರಿನವರು. ಸಾಯುವಾಗ ಬಾಗಿಲು ಮುಚ್ಚಿಕೊಳ್ಳುವವನು ಅವನು. ಊರಿನ ಮೇಲೆ ಚೋಮ ಚಲಾಯಿಸಿದ ಏಕೈಕ ಅಧಿಕಾರ ಇದು.

ಬೆಳ್ಳಿ ತೀರಿಸಿದ ಸಾಲ

ಚಿತ್ರ ತಯಾರಾದ 1975ರಲ್ಲಿಯೇ ಇಂಗ್ಲೆಂಡಿನ ‘ಸ್ಕ್ರೀನ್’ ಪತ್ರಿಕೆಯಲ್ಲಿ ಲಾರಾ ಮಲ್ವಿ ಎಂಬ ಲೇಖಕಿಯ ಪ್ರಬಂಧವೊಂದು ಪ್ರಕಟವಾಯಿತು. ಹಾಲಿವುಡ್ ಚಿತ್ರಗಳಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮೆರಾ ಕೂಡ ಗಂಡಿನ ಕಣ್ಣಿನಿಂದಲೇ ನೋಡುತ್ತದೆ ಎಂಬುದು ಅದರ ವಾದ. ಮುಂದೆ ಪ್ರಪಂಚದಾದ್ಯಂತ ಸಿನಿಮಾ ಅಧ್ಯಯನವನ್ನೇ ಬದಲಿಸಿದ ವಾದವಿದು.

ಈ ಪ್ರಶ್ನೆಯನ್ನು ‘ಚೋಮನ ದುಡಿ’ಗೆ ಹಚ್ಚಿದರೆ ಬೆಳ್ಳಿ ಕಾಣುತ್ತಾಳೆ. ಕಥೆಯ ಲೆಕ್ಕವನ್ನು ಬಿಡಿಸಿ ನೋಡಿದರೆ ಚೋಮನಿಂದಾಗಲಿ ಅವನ ಗಂಡುಮಕ್ಕಳಿಂದಾಗಲಿ ತೀರದ ಸಾಲವನ್ನು ತೀರಿಸಿದವಳು ಅವಳು. ಅದಕ್ಕೆ ತೆತ್ತದ್ದು ತನ್ನ ಮೈಯನ್ನು. ತೋಟದ ಧಣಿಗೆ ಚೋಮನ ಮೈ ಬೇಕಾಗಿದ್ದು ದುಡಿಮೆಗೆ, ಬೆಳ್ಳಿಯ ಮೈ ಬೇಕಾಗಿದ್ದು ದುಡಿಮೆಗೂ ಭೋಗಕ್ಕೂ. ಮುಟ್ಟಬಾರದ ಜಾತಿ ಎಂಬ ನಿಯಮ ಇಲ್ಲಿ ಅಡ್ಡ ಬರುವುದಿಲ್ಲ. ನೀರಿನಲ್ಲಿ ಮುಳುಗುವ ಹುಡುಗನನ್ನು ಎತ್ತಲು ಮೈಲಿಗೆಯಾಗುವ ಅದೇ ಸಮಾಜದಲ್ಲಿ ಹೆಣ್ಣಿನ ಮೈ ಮುಟ್ಟಲು ಉಳ್ಳವರಿಗೆ ತಡೆಯಿಲ್ಲ. ಮೈಲಿಗೆ ಎಂಬುದು ಧರ್ಮದ ಮಾತಿಗಿಂತ ಹೆಚ್ಚಾಗಿ ಅಧಿಕಾರದ ಮಾತು ಎಂದು ಇಲ್ಲಿ ಬಯಲಾಗುತ್ತದೆ.

ಆದರೆ ಮಗಳನ್ನು ತೋಟದ ರೈಟರ್ ಮನ್ವೇಲನ ಜೊತೆ ಕಂಡಾಗ ಚೋಮ ಅವಳನ್ನೇ ಹೊಡೆದು ಹೊರಹಾಕುತ್ತಾನೆ. ಆಮೇಲೆ ಕಥೆ ಅವನೊಂದಿಗೆ ಉಳಿಯುತ್ತದೆ, ಪ್ರೇಕ್ಷಕನ ಕಣ್ಣೀರೂ ಅವನ ಪಾಲಿಗೇ. ಬೆಳ್ಳಿ ಎಲ್ಲಿಗೆ ಹೋದಳು, ಅವಳ ದುಡಿ ಯಾವುದು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಇದನ್ನು ಚಿತ್ರದ ದೋಷವೆಂದು ತಳ್ಳಿಹಾಕುವುದಕ್ಕಿಂತ, ಜಾತಿಯ ಕ್ರೌರ್ಯವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣಿಗೂ ಕಾಣದೆ ಉಳಿದ ಮೂಲೆಯೊಂದಿತ್ತು ಎಂದು ತಿಳಿಯುವುದು ಸರಿಯಾದೀತು.

ಇಬ್ಬರು ಮಣ್ಣಿನ ಮಕ್ಕಳು

ಚಿತ್ರದ ಸಾಮಾಜಿಕ ಪರಿಣಾಮವನ್ನು ಅಳೆಯಲು ಆ ಕಾಲದ ಕರ್ನಾಟಕವನ್ನು ನೆನೆಯಬೇಕು. ‘ಚೋಮನ ದುಡಿ’ಗಿಂತ ಮೂರು ವರ್ಷ ಮೊದಲು, 1972ರಲ್ಲಿ, ಸಿದ್ದಲಿಂಗಯ್ಯ ನಿರ್ದೇಶನದ ‘ಬಂಗಾರದ ಮನುಷ್ಯ’ ಬಂದಿತ್ತು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ಆ ಚಿತ್ರ ಬೆಂಗಳೂರಿನಲ್ಲಿ ಎರಡು ವರ್ಷ ಓಡಿತು. ರಾಜಕುಮಾರ್ ಅವರ ರಾಜೀವನನ್ನು ನೋಡಿ ಓದಿದ ಯುವಕರು ಪೇಟೆ ಬಿಟ್ಟು ಬೇಸಾಯಕ್ಕೆ ಮರಳಿದರೆಂಬ ಮಾತು ಈಗಲೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಕನ್ನಡ ಚಿತ್ರವೊಂದರ ಸಾಮಾಜಿಕ ಪ್ರಭಾವ ಎಂದಾಗ ಮೊದಲು ನೆನಪಾಗುವುದೂ ಅದೇ.

ರಾಜೀವ ಮತ್ತು ಚೋಮ ಇಬ್ಬರದೂ ಒಂದೇ ಕನಸು, ಮಣ್ಣಿನಲ್ಲಿ ದುಡಿದು ಬೆಳೆ ತೆಗೆಯುವುದು. ರಾಜೀವನ ಎದುರಾಳಿ ಬಂಡೆಗಲ್ಲು. ಮನಸ್ಸು ಗಟ್ಟಿಯಿದ್ದರೆ ಕಲ್ಲು ಕರಗುತ್ತದೆ, ಬರಡು ನೆಲ ಬಂಗಾರವಾಗುತ್ತದೆ. ಚೋಮನ ಎದುರಾಳಿ ಕಲ್ಲಲ್ಲ. ಅವನ ರಟ್ಟೆಯಲ್ಲಿ ಬಲವಿದೆ, ಕೊಟ್ಟಿಗೆಯಲ್ಲಿ ಎತ್ತುಗಳಿವೆ. ಅವನು ನೇಗಿಲು ಹಿಡಿಯಬಾರದು ಎನ್ನುವ ಸಮಾಜ ಎದುರಿಗಿದೆ. ಒಂದು ಚಿತ್ರ ದುಡಿಮೆಯ ಮೇಲೆ ನಂಬಿಕೆ ಹುಟ್ಟಿಸಿತು. ದುಡಿಮೆಯ ಹಕ್ಕೇ ಇಲ್ಲದವನ ಪಾಡೇನು ಎಂದು ಇನ್ನೊಂದು ಕೇಳಿತು. ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ನ ರೈತ ಇದ್ದ ಜಮೀನನ್ನು ಕಳೆದುಕೊಳ್ಳುತ್ತಾನೆ. ಚೋಮನಿಗೆ ಕಳೆದುಕೊಳ್ಳಲು ಜಮೀನೇ ಇರಲಿಲ್ಲ.

ಇದೇ ವ್ಯತ್ಯಾಸ ಕಾನೂನಿನಲ್ಲಿಯೂ ಇತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂ ಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಭೂನ್ಯಾಯ ಮಂಡಳಿಗಳ ಮೂಲಕ ಅಧಿಭೋಗದ ಹಕ್ಕು ಸಿಕ್ಕಿತು. ಚೋಮನ ಜಿಲ್ಲೆಯಾದ ದಕ್ಷಿಣ ಕನ್ನಡದಲ್ಲಿ ಇದರಿಂದ ಸಾವಿರಾರು ಒಕ್ಕಲುಗಳ ಬದುಕು ಬದಲಾಯಿತು. ಆದರೆ ಚೋಮ ಬದುಕಿದ್ದು ಏಳನೇ ನಮೂನೆ ತುಂಬಲು ಹೋಗಿದ್ದರೆ? ಅವನು ಗೇಣಿದಾರನಲ್ಲ, ಜೀತದಾಳು. ಯಾರ ಜಮೀನನ್ನೂ ಅವನು ಗೇಣಿಗೆ ಪಡೆದಿರಲಿಲ್ಲ, ಏಕೆಂದರೆ ಯಾರೂ ಕೊಡುತ್ತಿರಲಿಲ್ಲ. ಉಳುವವನಿಗೆ ಭೂಮಿ ಎಂಬ ನ್ಯಾಯದ ಮಾತು ಉಳಲು ಬಿಡದವನನ್ನು ಹೊರಗೆ ನಿಲ್ಲಿಸಿತು.

1975ರ ಅಕ್ಟೋಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಕೇಂದ್ರ ಸರ್ಕಾರ ಜೀತ ಪದ್ಧತಿಯನ್ನು ಸುಗ್ರೀವಾಜ್ಞೆಯ ಮೂಲಕ ರದ್ದುಪಡಿಸಿತು. ಮರುವರ್ಷ ಅದು ಕಾಯಿದೆಯಾಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗುವುದನ್ನು ತಡೆಯುವ ರಾಜ್ಯದ ಕಾಯಿದೆ ಬಂದದ್ದು 1978ರಲ್ಲಿ. ಈ ಕಾನೂನುಗಳು ಚಿತ್ರದ ಫಲ ಎನ್ನುವುದು ಉತ್ಪ್ರೇಕ್ಷೆ. ಅವುಗಳ ಹಿಂದೆ ಚಳವಳಿಗಳಿದ್ದವು, ರಾಜಕೀಯದ ಲೆಕ್ಕಾಚಾರಗಳಿದ್ದವು. ಭೂ ಸುಧಾರಣೆಯ ಸಂಭ್ರಮದ ಹೊತ್ತಿನಲ್ಲಿ ಅದರ ಪಟ್ಟಿಯಲ್ಲಿಲ್ಲದ ಮನುಷ್ಯನನ್ನು ತೆರೆಯ ನಡುವೆ ನಿಲ್ಲಿಸಿದ್ದು ಚಿತ್ರದ ಸಾಧನೆ.

ಮರುಕದ ಮಿತಿ

ಅಂದಮೇಲೆ ಚಿತ್ರದ ಮಿತಿ ಎಲ್ಲಿದೆ? ಸಿನಿಮಾ ಸಿದ್ಧಾಂತಿಗಳು ತಾದಾತ್ಮ್ಯ ಎಂಬುದರ ಬಗ್ಗೆ ಬಹಳ ಬರೆದಿದ್ದಾರೆ. ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕ ತೆರೆಯ ಮೇಲಿನ ಒಬ್ಬನೊಂದಿಗೆ ತನ್ನನ್ನು ಗುರುತಿಸಿಕೊಳ್ಳುತ್ತಾನೆ. ‘ಚೋಮನ ದುಡಿ’ ನೋಡುವವರೆಲ್ಲರೂ ಚೋಮನೊಂದಿಗೆ ಗುರುತಿಸಿಕೊಳ್ಳುತ್ತಾರೆ. ಪ್ರೇಕ್ಷಕರಲ್ಲಿ ಅಂಗಳವೂ ಜಗಲಿಯೂ ಉಳ್ಳವರು ಎಷ್ಟೇ ಇರಲಿ, ಸಂಕಪ್ಪಯ್ಯನಲ್ಲಿ ತನ್ನನ್ನು ಕಂಡು ಬೆಚ್ಚಿದವರು ಎಷ್ಟು ಮಂದಿ? ಎರಡು ಗಂಟೆ ಚೋಮನಾಗಿ ಅತ್ತು, ಚಿತ್ರ ಮುಗಿದ ಮೇಲೆ ತನ್ನ ಮನೆಯ ಜಗಲಿಗೇ ಮರಳಲು ಅಡ್ಡಿಯಿಲ್ಲ. ಮರುಕ ಮನಸ್ಸನ್ನು ಹಗುರ ಮಾಡುತ್ತದೆ. ನಾಟಕ ನೋಡುವವನು ಕರಗಿಹೋಗಬಾರದು, ದೂರ ನಿಂತು ವಿಚಾರ ಮಾಡಬೇಕು ಎಂದು ಜರ್ಮನಿಯ ಬ್ರೆಕ್ಟ್ ಹಟ ಹಿಡಿದದ್ದು ಇದೇ ಕಾರಣಕ್ಕೆ.

ಇನ್ನೊಂದು ಪ್ರಶ್ನೆಯೂ ಇದೆ. ಚೋಮನ ಕಥೆ ಬರೆದವರಾಗಲಿ ಚಿತ್ರಿಸಿದವರಾಗಲಿ ಚೋಮನ ಕೇರಿಯವರಲ್ಲ. ಅವರ ಕಾಳಜಿ ಪ್ರಾಮಾಣಿಕವಾದುದು, ಅದರಲ್ಲಿ ಅನುಮಾನವಿಲ್ಲ. ಆದರೆ ಹೊರಗಿನಿಂದ ನೋಡಿದಾಗ ದುಃಖ ಮೊದಲು ಕಾಣುತ್ತದೆ. ಚೋಮ ಬೇಡುತ್ತಾನೆ, ನರಳುತ್ತಾನೆ, ಸಾಯುತ್ತಾನೆ. ತನ್ನವರನ್ನು ಕೂಡಿಸಿಕೊಂಡು ಎದುರು ನಿಲ್ಲುವ ದಾರಿ ಅವನ ಕಥೆಯಲ್ಲಿಲ್ಲ. 1933ರ ಹಳ್ಳಿಗೆ ಅದು ಸತ್ಯವೇ ಇರಬಹುದು. ಚಿತ್ರ ಬಿಡುಗಡೆಯಾದ ಹೊತ್ತಿಗೆ ಕರ್ನಾಟಕ ಬದಲಾಗಿತ್ತು.

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದು ಕರೆದದ್ದಕ್ಕೆ ಗಲಭೆಗಳಾಗಿ ಅವರು ರಾಜೀನಾಮೆ ಕೊಡಬೇಕಾಯಿತು. ಆ ಬಿಸಿಯಲ್ಲಿಯೇ ದಲಿತ ವಿದ್ಯಾರ್ಥಿಗಳು, ಬರಹಗಾರರು ಒಂದಾದರು, ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಚಿತ್ರದ ವರ್ಷವಾದ 1975ರಲ್ಲಿಯೇ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ತೆರೆಯ ಮೇಲೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಿದ್ದರೆ, ಹೊರಗೆ ಅವನ ಮೊಮ್ಮಕ್ಕಳ ತಲೆಮಾರು ತಮಟೆ ಹಿಡಿದು ಬೀದಿಗೆ ಇಳಿದಿತ್ತು.

ಈ ಬದಲಾವಣೆಯ ಇನ್ನೊಂದು ಮೂಲ ಬದನವಾಳು ಇರುವ ನಂಜನಗೂಡು ತಾಲ್ಲೂಕಿನಲ್ಲಿಯೇ ಇದೆ. ದೇವನೂರ ಮಹಾದೇವ ಅವರು ಇದೇ ತಾಲ್ಲೂಕಿನ ದೇವನೂರಿನವರು. ಅವರ ‘ಒಡಲಾಳ’ದ ಸಾಕವ್ವ ಬಡವಿ, ಆದರೆ ಮರುಕಕ್ಕೆ ಕೈಯೊಡ್ಡುವವಳಲ್ಲ. ಕಳೆದುಹೋದ ಹುಂಜವನ್ನು ಹುಡುಕುತ್ತ ಊರನ್ನೆಲ್ಲ ಬೈಯುವ ಅವಳ ಮನೆಯಲ್ಲಿ ಹಸಿವಿನ ಜೊತೆ ನಗುವೂ ಇದೆ. 1984ರಲ್ಲಿ ಬಂದ ‘ಕುಸುಮಬಾಲೆ’ ಈ ಸೀಮೆಯ ಆಡುಮಾತಿನಲ್ಲಿಯೇ ಹುಟ್ಟಿದ ಕೃತಿ. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚೆನ್ನನ ಕೊಲೆ ಅದರ ಒಡಲಿನಲ್ಲಿದೆ. ಚೋಮನನ್ನು ಕನ್ನಡ ಓದುಗರು ಹೊರಗಿನಿಂದ ಕಂಡಿದ್ದರು. ಇಲ್ಲಿ ಕೇರಿಯ ಒಳಗಿನಿಂದಲೇ ಊರನ್ನು ಕಂಡರು. ನೋಟದ ದಿಕ್ಕು ತಿರುಗಿತು.

ಸಿನಿಮಾದಲ್ಲಿ ಇಂಥ ತಿರುವಿಗೆ ಇನ್ನಷ್ಟು ಕಾಲ ಬೇಕಾಯಿತು. ದಲಿತ ನಿರ್ದೇಶಕ ನಾಗರಾಜ ಮಂಜುಳೆ 2013ರಲ್ಲಿ ಮರಾಠಿಯಲ್ಲಿ ‘ಫ್ಯಾಂಡ್ರಿ’ ತೆಗೆದರು. ಕೊನೆಯಲ್ಲಿ ಅವಮಾನದಿಂದ ಬೆಂದ ಹುಡುಗ ಜಬ್ಯಾ ಬೀಸಿದ ಕಲ್ಲು ನೇರವಾಗಿ ಕ್ಯಾಮೆರಾದ ಕಡೆಗೆ, ಅಂದರೆ ಪ್ರೇಕ್ಷಕನ ಮುಖಕ್ಕೆ ಬರುತ್ತದೆ. ಚೋಮನನ್ನು ನೋಡಿ ಅತ್ತ ಪ್ರೇಕ್ಷಕ ಇಲ್ಲಿ ಅಳಲಾರ, ಕಲ್ಲು ತನ್ನ ಕಡೆಗೇ ಏಕೆ ಬಂತೆಂದು ಯೋಚಿಸಬೇಕಾಗುತ್ತದೆ. 1975ರಿಂದ 2013ಕ್ಕೆ ಬರುವಷ್ಟರಲ್ಲಿ ತೆರೆಯ ಮೇಲಿನ ಮನುಷ್ಯ ಜಗಲಿಯ ಮೇಲೆ ಕುಳಿತವನನ್ನು ತಿರುಗಿ ನೋಡಲು ಕಲಿತಿದ್ದ.

ಮತ್ತೆ ಬದನವಾಳು

ಈ ಹಿನ್ನೆಲೆಯಲ್ಲಿ 1993ರ ಬದನವಾಳನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಲ್ಲಿನ ದಲಿತರು ಚೋಮನಂತೆ ಅಂಗಳದಲ್ಲಿ ಕೈಮುಗಿದು ನಿಂತವರಲ್ಲ. ಸಂವಿಧಾನ ಕೊಟ್ಟ ಹಕ್ಕನ್ನು ತಿಳಿದವರು, ಓದು ಬರಹ ಕಲಿತವರು ಅವರಲ್ಲಿದ್ದರು. ಕೊಲೆಯಾದವರಲ್ಲಿ ಒಬ್ಬರು ಮುಖ್ಯೋಪಾಧ್ಯಾಯರಾಗಿದ್ದವರು. ಬೇಡುವ ಚೋಮನಿಗೆ ಊರು ಕರುಣೆ ತೋರಿಸಬಲ್ಲದು, ಸಮಾನನಾಗಿ ಹೊಸ್ತಿಲು ದಾಟುವವನನ್ನು ಸಹಿಸಲಾರದು. ಚೋಮನ ಕಥೆ ಕಲಿಸಿದ ಮರುಕ ಈ ಹೊಸ ಸಂದರ್ಭಕ್ಕೆ ಸಾಕಾಗಲಿಲ್ಲ. ಇಲ್ಲಿ ಬೇಕಾಗಿದ್ದದ್ದು ತನ್ನ ಜಾಗವನ್ನು ತಾನೇ ಪ್ರಶ್ನಿಸಿಕೊಳ್ಳುವ ಧೈರ್ಯ, ಅದೂ ಜಗಲಿಯ ಮೇಲೆ ಕುಳಿತವರಿಗೆ.

ಪ್ರಕರಣ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದು ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಊರಿನೊಳಗೆ ಉಳಿದ ಗುರುತು ಮಾತ್ರ ಬೇರೆ ಬಗೆಯದು. ದಲಿತರ ಮತ್ತು ಲಿಂಗಾಯತರ ಬೀದಿಗಳನ್ನು ಕೂಡಿಸುತ್ತಿದ್ದ ದಾರಿ ಘಟನೆಯ ನಂತರ ಬಳಕೆ ತಪ್ಪಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸರಳ ಬದುಕು ಮತ್ತು ಕೈ ಉತ್ಪನ್ನಗಳ ಪರವಾದ ಸತ್ಯಾಗ್ರಹಕ್ಕೆ ಇಲ್ಲಿನ ಖಾದಿ ಕೇಂದ್ರವೇ ನೆಲೆಯಾಯಿತು, ನಾಡಿನ ಹಲವೆಡೆಯಿಂದ ಜನ ಬಂದರು. ಆಗಲೂ ಆ ದಾರಿ ತೆರೆದಿರಲಿಲ್ಲ. 2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆಯಲ್ಲಿ ರಾಹುಲ್ ಗಾಂಧಿ ಬದನವಾಳಿಗೆ ಬಂದಾಗ ಎರಡೂ ಸಮುದಾಯಗಳ ಜನ ಸೇರಿ ಅದಕ್ಕೆ ಹೊಸದಾಗಿ ಇಟ್ಟಿಗೆ ಹಾಸಿದರು, ಸಹಪಂಕ್ತಿಯಲ್ಲಿ ಊಟ ಮಾಡಿದರು. ದಾರಿ ಮುಚ್ಚಿ ಅಷ್ಟು ಹೊತ್ತಿಗೆ ಇಪ್ಪತ್ತೊಂಬತ್ತು ವರ್ಷ ದಾಟಿತ್ತು.

ಸಿನಿಮಾ ಇಂಥ ದಾರಿಗಳನ್ನು ತೆರೆಯಲಾರದು. ಅದನ್ನು ತೆರೆಯುವವರು ಆ ಊರಿನ ಎರಡೂ ಬೀದಿಗಳ ಜನ. ದಾರಿ ಎಲ್ಲಿ ಮುಚ್ಚಿದೆ, ಯಾರು ಮುಚ್ಚಿದರು, ಮುಚ್ಚಿದ್ದರಿಂದ ಯಾರಿಗೆ ಏನಾಯಿತು ಎಂಬುದನ್ನು ಅದು ಕಣ್ಣೆದುರು ಇಡಬಲ್ಲದು. ‘ಚೋಮನ ದುಡಿ’ ಆ ಕೆಲಸವನ್ನು ಐವತ್ತು ವರ್ಷಗಳ ಹಿಂದೆ ಮಾಡಿತು. ಈಗ ಆ ಚಿತ್ರವನ್ನು ಮತ್ತೆ ನೋಡುವವರು ಚೋಮನ ಜೊತೆ ಸಂಕಪ್ಪಯ್ಯನ ಮುಖವನ್ನೂ ಗಮನವಿಟ್ಟು ನೋಡುವುದು ಒಳ್ಳೆಯದು. ಅವನು ಕ್ರೂರಿಯಲ್ಲ. ಚೋಮನ ಮೇಲೆ ಅವನಿಗೆ ಕನಿಕರವಿದೆ. ಊರಿನ ಕಟ್ಟಳೆ ಹಾಗಿದೆ, ತಾನೇನು ಮಾಡಲಿ ಎಂಬುದಷ್ಟೇ ಅವನ ಉತ್ತರ.